ಕಣೆ ಹುಳು ಒಂದೇ, ತಳಿ ಸೋಲುವುದೇಕೆ?

ಪ್ರಶ್ನೆ: ನಮ್ಮ ಮಜಲು ಗದ್ದೆಯಲ್ಲಿ ಮಳೆಗಾಲದ ಭತ್ತದ ಬೆಳೆಗೆ ಕಣೆ ಹುಳು ಬಿದ್ದು, ತೆನೆ ಬರಬೇಕಾದಲ್ಲಿ ಈರುಳ್ಳಿ ಎಲೆಯಂಥ ಬಿಳಿ ಕೊಳವೆ ಏಳುತ್ತದೆ. ಒಂದು ಕಡೆ ಈ ಹುಳುವನ್ನು ತಡೆಯುವ ತಳಿ ಇನ್ನೊಂದು ಕಡೆ ಸೋಲುತ್ತದೆ ಎನ್ನುತ್ತಾರೆ. ಹುಳು ಒಂದೇ ಆಗಿರುವಾಗ ಇದು ಹೇಗೆ ಸಾಧ್ಯ?
— ಕೃಷಿಕರೊಬ್ಬರು, ಬದಿಯಡ್ಕ

ಉತ್ತರ: ತಳಿ ಬದಲಾಗಿರುವುದಿಲ್ಲ, ಹುಳುವಿನ ವಂಶವಾಹಿ ಬದಲಾಗಿರುತ್ತದೆ. ಕಣೆ ಹುಳು ಬೆಳೆದು ಆಗುವ ಕಣೆ ನೊಣ ಸೊಳ್ಳೆಯಷ್ಟೇ ಗಾತ್ರದ್ದು. ಪ್ರೌಢ ನೊಣದ ಆಯುಸ್ಸು ಕೆಲವೇ ದಿನ, ದೂರ ಹಾರುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಒಂದೊಂದು ಪ್ರದೇಶದ ಸಂತತಿ ಬಹುಮಟ್ಟಿಗೆ ತನ್ನಲ್ಲೇ ಕೂಡಿ ಬೆಳೆಯುತ್ತದೆ. ಇಂಥ ಸ್ಥಳೀಯ ಬಗೆಗಳಿಗೆ ವಿಜ್ಞಾನಿಗಳು ಬಯೋಟೈಪ್ ಎನ್ನುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಅವುಗಳಲ್ಲಿ ವ್ಯತ್ಯಾಸ ಕಾಣದು. ಯಾವ ತಳಿಯ ಮೇಲೆ ಬದುಕುತ್ತವೆ, ಯಾವುದರ ಮೇಲೆ ಸಾಯುತ್ತವೆ ಎಂಬುದರಿಂದಲೇ ಗುರುತಿಸಬೇಕು.

ಮೊಟ್ಟೆಯಿಂದ ಹೊರಬಂದ ಮರಿ ಎಲೆಯ ತೇವದಲ್ಲಿ ಜಾರುತ್ತಾ, ಎಲೆಕವಚದ ಸಂದಿನಿಂದ ಸುಳಿಯ ಬುಡ ಸೇರಿ ತಿನ್ನತೊಡಗುತ್ತದೆ. ನಿರೋಧಕ ತಳಿಯಲ್ಲಿ ಗಿಡವು ಈ ದಾಳಿಯನ್ನು ಗುರುತಿಸಿ ಮರಿಯನ್ನು ಅಲ್ಲಿಯೇ ಸಾಯಿಸುತ್ತದೆ; ಗಿಡದ ಕಣ್ಣು ತಪ್ಪಿಸುವ ವಂಶವಾಹಿಯುಳ್ಳ ಮರಿ ಮಾತ್ರ ಉಳಿಯುತ್ತದೆ. ಅದೇ ತಳಿಯನ್ನು ಊರೆಲ್ಲ ವರ್ಷವರ್ಷವೂ ಬಿತ್ತಿದರೆ ಹಾಗೆ ಉಳಿದವುಗಳ ಸಂತತಿಯೇ ಗದ್ದೆ ತುಂಬುತ್ತದೆ. ಆಂಧ್ರದ ಫಲ್ಗುಣ ತಳಿಗೆ ಆದದ್ದು ಇದೇ: ಅದರ ಜಿಎಂ2 ಎಂಬ ನಿರೋಧಕ ವಂಶವಾಹಿಯನ್ನು 1980ರ ದಶಕದಲ್ಲಿ ಶ್ರೀಕಾಕುಳಂ ಕಡೆಯ ಹುಳು ಮೀರಿತು, ಅದು ನಾಲ್ಕನೆಯ ಬಯೋಟೈಪ್ ಎನಿಸಿಕೊಂಡಿತು. ಈ ಮೀರುವ ಗುಣ ಲಿಂಗ ವರ್ಣತಂತುವಿನಲ್ಲಿದೆ ಎಂಬುದು ನನಗೆ ಬಹಳ ಕುತೂಹಲಕರವಾಗಿ ಕಂಡ ಸಂಗತಿ: ತಳಿಯನ್ನು ಮೀರಲು ಹೆಣ್ಣಿಗೆ ಆ ವಂಶವಾಹಿಯ ಎರಡು ಪ್ರತಿ ಬೇಕು, ಗಂಡಿಗೆ ಒಂದೇ ಸಾಕು.

ಭತ್ತದ ರಸ ಹೀರುವ ಇನ್ನೊಂದು ಕೀಟವಾದ ಕಂದು ಜಿಗಿಹುಳುವಿನ ಕಥೆಯೂ ಬೇರೆಯಲ್ಲ. ಫಿಲಿಪೀನ್ಸ್‌ನಲ್ಲಿ 1973ರಲ್ಲಿ ಬಂದ ಐಆರ್26 ತಳಿ ಕೆಲವೇ ವರ್ಷಗಳಲ್ಲಿ ಅಲ್ಲಿ ಸೋತಿತು. ಭಾರತದ ಜಿಗಿಹುಳುವನ್ನಂತೂ ಅದರ ವಂಶವಾಹಿ ತಡೆಯಲೇ ಇಲ್ಲ. ಒಂದಕ್ಕಿಂತ ಹೆಚ್ಚು ನಿರೋಧಕ ವಂಶವಾಹಿಗಳಿರುವ ಪಟ್ಟಾಂಬಿಯ ಪಿಟಿಬಿ33 ಎರಡೂ ಕಡೆ ನಿಂತಿತು.

ಕೇರಳದ ಕಣೆ ಹುಳುವನ್ನು ಐದನೆಯ ಬಯೋಟೈಪ್ ಎಂದು ಎಣಿಸಲಾಗಿದೆ. ಮೊಂಕೊಂಬು ಭತ್ತ ಸಂಶೋಧನಾ ಕೇಂದ್ರದ ‘ಉಮಾ’ ತಳಿ ಅದನ್ನು ತಡೆಯುತ್ತದೆ. ಆದರೆ ಮೊಂಕೊಂಬು ದೂರದ ದಕ್ಷಿಣದ ಕುಟ್ಟನಾಡಿನದು, ಬದಿಯಡ್ಕದ ಹುಳುವೂ ಅದೇ ಎಂದು ಭಾವಿಸಿ ಗದ್ದೆಯೆಲ್ಲ ಒಂದೇ ತಳಿ ನಾಟಿ ಮಾಡುವುದನ್ನು ನಾನು ಒಪ್ಪಲಾರೆ. ಬೀಜ ಕೊಳ್ಳುವಾಗ ‘ಕಣೆ ನಿರೋಧಕ’ ಎಂಬ ಮಾತಿಗೆ ತೃಪ್ತರಾಗದೆ, ಯಾವ ಬಯೋಟೈಪ್‌ಗೆ ಎಂದು ಕೃಷಿ ಭವನದಲ್ಲಿ ವಿಚಾರಿಸಿ. ಎರಡು ಮೂರು ತಳಿಗಳನ್ನು ಒಂದೇ ಗದ್ದೆಯಲ್ಲಿ ಪಕ್ಕಪಕ್ಕದ ಪಟ್ಟಿಗಳಾಗಿ ನೆಟ್ಟು, ತೆಂಡೆ ಒಡೆಯುವ ಹೊತ್ತಿನಲ್ಲಿ ಪ್ರತಿಯೊಂದರಲ್ಲೂ ಬಿಳಿ ಕೊಳವೆಗಳೆಷ್ಟು ಎಂದು ಎಣಿಸಿದರೆ ನಿಮ್ಮ ಗದ್ದೆಯ ಹುಳು ಯಾವ ತಳಿಗೆ ಮಣಿಯುತ್ತದೆಂದು ತಿಳಿಯುತ್ತದೆ.