3,35,50,336: ಇಷ್ಟೊಂದು ವರ್ಗಗಳಿಗೆ ಒಂದೇ ಸಂಖ್ಯೆ ಸೇರುವುದು ಆಕಸ್ಮಿಕವೇ?

3,35,50,336 ಎಂಬ ಸಂಖ್ಯೆ ಪರಿಪೂರ್ಣ ಸಂಖ್ಯೆಯೂ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮವಾದದ್ದು) ಹೌದು, ತ್ರಿಕೋನ ಸಂಖ್ಯೆಯೂ ಹೌದು, ಬೆಸ ಸಂಖ್ಯೆಗಳ ಘನಗಳ ಮೊತ್ತವೂ ಹೌದು, ಅದರ ಅಂಕಿಗಳ ಮೊತ್ತವಾದ 28 ಕೂಡ ಪರಿಪೂರ್ಣ ಸಂಖ್ಯೆಯೇ. ಇವೆಲ್ಲ ಆಕಸ್ಮಿಕವಾಗಿ ಕೂಡಿಬಂದವೇ ಎಂದು ಕೇಳಿದ್ದೀರಿ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಅಪವರ್ತನದಿಂದ ಹುಟ್ಟಿದವು ಎಂಬುದು ನನ್ನ ಉತ್ತರ.

ಈ ಸಂಖ್ಯೆ 4096 × 8191ಕ್ಕೆ ಸಮ. 4096 ಎಂದರೆ 2ರ 12ನೆಯ ಘಾತ. 8191 ಎಂದರೆ 2ರ 13ನೆಯ ಘಾತದಲ್ಲಿ ಒಂದು ಕಡಿಮೆ, ಮತ್ತು ಅದು ಅವಿಭಾಜ್ಯ. ಆದ್ದರಿಂದ ಭಾಜಕಗಳು ಒಟ್ಟು 26: 1, 2, 4 ಎಂದು 4096ರವರೆಗೆ ಹದಿಮೂರು, ಅವುಗಳನ್ನೇ 8191ರಿಂದ ಗುಣಿಸಿದಾಗ ಇನ್ನು ಹದಿಮೂರು. ಮೊದಲ ಗುಂಪನ್ನು ಕೂಡಿಸಿದರೆ ಸರಿಯಾಗಿ 8191 ಬರುತ್ತದೆ. ಎರಡನೆಯ ಗುಂಪಿನಲ್ಲಿ ಮೂಲಸಂಖ್ಯೆಯನ್ನು ಬಿಟ್ಟು ಉಳಿದವನ್ನು ಕೂಡಿಸಿದರೆ 8191 × 4095 ಆಗುತ್ತದೆ. ಎರಡೂ ಸೇರಿ 8191 × 4096, ಅಂದರೆ ಹೊರಟ ಸಂಖ್ಯೆಯೇ ಮರಳಿ ಸಿಗುತ್ತದೆ. ಗಣಿತದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಲೆಕ್ಕ ಅಪರೂಪವೆಂದೇ ನನಗೆ ಅನ್ನಿಸುತ್ತದೆ. ಇಂಥ ಗುಣಲಬ್ಧಗಳು ಪರಿಪೂರ್ಣವೆಂದು ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸಾಧಿಸಿದ್ದನು. ಸಮಸಂಖ್ಯೆಗಳಲ್ಲಿ ಬೇರೆ ಬಗೆಯ ಪರಿಪೂರ್ಣ ಸಂಖ್ಯೆ ಇರಲಾರದೆಂದು ಎರಡು ಸಾವಿರ ವರ್ಷಗಳ ಬಳಿಕ ಗಣಿತಜ್ಞ ಆಯ್ಲರ್ ತೋರಿಸಿದನು.

ಉಳಿದ ಗುಣಗಳಿಗೆ ಹೆಚ್ಚು ಶ್ರಮ ಬೇಡ. 8191 × 8192ರ ಅರ್ಧವೇ ಈ ಸಂಖ್ಯೆಯಾದ್ದರಿಂದ 1ರಿಂದ 8191ರವರೆಗಿನ ಮೊತ್ತ ಇದೇ, ಹೀಗಾಗಿ ಇದು ತ್ರಿಕೋನ ಸಂಖ್ಯೆ. 4096 ಎಂಬುದು 64ರ ವರ್ಗವಾದ್ದರಿಂದ, 1ರಿಂದ 127ರವರೆಗಿನ ಅರವತ್ತನಾಲ್ಕು ಬೆಸ ಸಂಖ್ಯೆಗಳ ಘನಗಳನ್ನು ಕೂಡಿಸಿದರೂ ಇದೇ ಬರುತ್ತದೆ.

ಅಂಕಿಗಳ ಮೊತ್ತದ ವಿಷಯ ಬೇರೆ. 6ನ್ನು ಬಿಟ್ಟು ಉಳಿದ ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳನ್ನು 9ರಿಂದ ಭಾಗಿಸಿದಾಗ ಶೇಷ 1 ಉಳಿಯುವುದು ನಿಯಮ. ಆದರೆ ಮೊತ್ತವು 10 ಅಥವಾ 19 ಆಗದೆ 28 ಆದದ್ದು ದಶಮಾನ ಬರವಣಿಗೆಯ ಆಕಸ್ಮಿಕ. ದ್ವಿಮಾನದಲ್ಲಿ ಬರೆದರೆ ಹದಿಮೂರು 1ಗಳು, ಅವುಗಳ ನಂತರ ಹನ್ನೆರಡು 0ಗಳು ಬರುತ್ತವೆ. ಸಂಖ್ಯೆಯ ನಿಜವಾದ ರಚನೆ ಕಾಣುವುದು ಅಲ್ಲಿ.

ಇದಕ್ಕಿಂತ ಮುಂಚಿನ ಪರಿಪೂರ್ಣ ಸಂಖ್ಯೆಗಳು 6, 28, 496 ಮತ್ತು 8128. ಒಂದಂಕಿ, ಎರಡಂಕಿ ಎಂದು ಕ್ರಮವಾಗಿ ಒಂದೊಂದೇ ಇರುವುದನ್ನು ಕಂಡು, ಮುಂದೆಯೂ ಹೀಗೆಯೇ ಎಂದು ಹಿಂದಿನವರು ಬಹುಕಾಲ ನಂಬಿದ್ದರು. ಐದನೆಯದು ಎಂಟು ಅಂಕಿಗಳಿಗೆ ಜಿಗಿಯಲು ಕಾರಣ 2047. 2ರ 11ನೆಯ ಘಾತದಲ್ಲಿ ಒಂದು ಕಡಿಮೆಯಾದ ಈ ಸಂಖ್ಯೆ ಅವಿಭಾಜ್ಯವಾಗದೆ 23 × 89 ಎಂದು ಒಡೆಯುತ್ತದೆ. 8191 ಒಡೆಯುವುದಿಲ್ಲವೆಂದು ನೀವೇ ಪರೀಕ್ಷಿಸಬಹುದು: ಅದರ ಯಾವುದೇ ಅವಿಭಾಜ್ಯ ಭಾಜಕವು 26ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು, 8191ರ ವರ್ಗಮೂಲ 91ಕ್ಕಿಂತ ಕಡಿಮೆ, ಆದ್ದರಿಂದ 53 ಮತ್ತು 79ನ್ನು ಮಾತ್ರ ನೋಡಿದರೆ ಸಾಕು. ಮೊದಲನೆಯದಕ್ಕೆ ಶೇಷ 29, ಎರಡನೆಯದಕ್ಕೆ 54.