ಬೀಗ ಬಿದ್ದಿತ್ತು, ಕರೆಂಟ್ ಇರಲಿಲ್ಲ

ನಾನು ಆಪ್ತ ಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಸೋಮವಾರಪೇಟೆ ಕಡೆಯ ತೋಟದ ಮನೆ. ಮೂವತ್ತೈದರ ಆಸುಪಾಸಿನ ಗಂಡಸು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ. ಮಡಿಕೇರಿಗೆ ನನ್ನ ಹತ್ತಿರ ಕರೆತಂದದ್ದು ಅವರ ಅವ್ವ. ರಾತ್ರಿ ಎರಡಕ್ಕೆ ಕೋಣೆಯಲ್ಲಿ ಬೆಳಕು ಕಂಡು, ಮಗ ಕುಡಿಯೋಕೆ ಶುರು ಮಾಡಿದ್ದಾನೆ ಅಂದುಕೊಂಡಿದ್ದರು. ಕುಡಿತ ಇರಲಿಲ್ಲ. ಆರು ವಾರದಿಂದ ಎದ್ದು ಎದ್ದು ಸರ್ವರ್ ನೋಡುತ್ತಿದ್ದರು, ಅಷ್ಟೇ.

ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ, ಅವರೇ ಬಿಡಿಸಿ ಹೇಳಿದರು. ನಾಲ್ಕೈದು ಜನ ಸೇರಿ, ಸಂಬಳವಿಲ್ಲದೆ, ಒಂದು ಪುಟ್ಟ ಲಿನಕ್ಸ್ ಡಿಸ್ಟ್ರೋ (ವಿಂಡೋಸ್ ಬದಲಿಗೆ ಕಂಪ್ಯೂಟರಿಗೆ ಹಾಕಿಕೊಳ್ಳುವ ಉಚಿತ ಸಾಫ್ಟ್‌ವೇರ್) ನಡೆಸುತ್ತಾರೆ. "ರೆಪೊಸಿಟರಿ ಅಂದ್ರೆ ಕಾಫಿ ಗೋಡೌನ್ ಅಂದ್ಕೊಳ್ಳಿ ಮೇಡಂ. ಪ್ಯಾಕೇಜು ಅಂದ್ರೆ ಸೀಲ್ ಹಾಕಿದ ಮೂಟೆ. ಯಾವ ಮೂಟೆ ಇದೆ ಅಂತ ಹೇಳೋ ಪುಸ್ತಕ ಡೇಟಾಬೇಸ್. ಮೂಟೆ ಒಳಗಿಟ್ಟು ಪುಸ್ತಕದಲ್ಲಿ ಬರೆಯೋ ರೈಟರ್, ನಮ್ಮ ಸ್ಕ್ರಿಪ್ಟ್."

ಹಳೆ ರೈಟರನ್ನು ಬಿಡಿಸಿ ಹೊಸಬನನ್ನು ಕೂರಿಸುವ ಕೆಲಸ ಇವರ ಮೇಲೆ ಬಿತ್ತು. ಯಾರಿಗೂ ತೊಂದರೆ ಬೇಡ ಅಂತ ಜೂನ್‌ನ ಒಂದು ರಾತ್ರಿ ಒಬ್ಬರೇ ಕೂತರು. ಜೂನ್‌ನಲ್ಲಿ ಕೊಡಗಿನ ಕರೆಂಟನ್ನು ನಂಬಿ! ಎಲ್ಲೋ ಮರ ಬಿತ್ತು, ಲೈನ್ ಹೋಯ್ತು, ಇನ್ವರ್ಟರ್ ಇದ್ದರೂ ನೆಟ್ ಇಲ್ಲ, ಕೊನೆಗೆ ಮೊಬೈಲ್ ಟವರೂ ಸತ್ತಿತು, ಲ್ಯಾಪ್‌ಟಾಪಿನ ಸಂಪರ್ಕ ಕಡಿದದ್ದೇ ಸರ್ವರ್‌ನಲ್ಲಿ ಓಡುತ್ತಿದ್ದ ಸ್ಕ್ರಿಪ್ಟೂ ಅರ್ಧಕ್ಕೆ ನಿಂತಿತು. ಪುಸ್ತಕದಲ್ಲಿ ಹೊಸ ಮೂಟೆಗಳ ಹೆಸರಿದೆ, ಗೋಡೌನಲ್ಲಿ ಮೂಟೆ ಇಲ್ಲ. ಅಪ್‌ಡೇಟ್ ಮಾಡಹೋದವರಿಗೆಲ್ಲ 404, ಅಂದರೆ ಫೈಲ್ ಇಲ್ಲ ಅನ್ನೋ ಉತ್ತರ. ಸಾಲದ್ದಕ್ಕೆ, ಇಬ್ಬರು ಒಟ್ಟಿಗೆ ಪುಸ್ತಕ ತಿದ್ದಬಾರದು ಅಂತ ಸ್ಕ್ರಿಪ್ಟ್ ಹಾಕಿಕೊಳ್ಳುವ ಬೀಗ ಹಾಗೇ ಉಳಿಯಿತು. ಅದನ್ನು ತೆಗೆಯುವುದು ಇವರೊಬ್ಬರಿಗೇ ಗೊತ್ತು. ಬೆಳಿಗ್ಗೆ ಬೈಕ್‌ನಲ್ಲಿ ಕುಶಾಲನಗರಕ್ಕೆ ಹೋಗಿ, ಸಿಗ್ನಲ್ ಸಿಕ್ಕ ಕಡೆ ಕೂತು ಸರಿಮಾಡುವಾಗ ಒಟ್ಟು ಒಂಬತ್ತು ತಾಸು ಕಳೆದಿತ್ತು. ಯಾರೋ ಮೆಸೇಜು ಹಾಕಿದ್ದರು: "ಕೆಲಸ ಬರದಿದ್ರೆ ಯಾಕೆ ಮುಟ್ತೀರಿ?"

ಕಾಗದದ ಮೇಲೆ ಅಕ್ಕಿ ರೊಟ್ಟಿಯಷ್ಟು ದುಂಡಗೆ ಗೆರೆ ಎಳೆದೆ. ಆ ರಾತ್ರಿಗೆ ಯಾವುದು ಎಷ್ಟು ಕಾರಣ, ತುಂಡು ಮಾಡಿ, ನಿಮ್ಮ ಪಾಲು ಕೊನೆಗೆ ಅಂದೆ. ಮಳೆ ದೊಡ್ಡ ತುಂಡು ತಿಂದಿತು. ಬೀಗ ಬಿಚ್ಚದೆ ಸತ್ತ ಸ್ಕ್ರಿಪ್ಟಿಗೆ ಒಂದು, ಮೊದಲು ಬೇರೆಯವರು ಪರೀಕ್ಷೆ ಮಾಡದ್ದಕ್ಕೆ ಒಂದು. ಅವರಿಗೆ ಉಳಿದದ್ದು ಕಾಲು ಭಾಗ. ಅದನ್ನು ನಾನು ಅಳಿಸಲಿಲ್ಲ. ಮಳೆಗಾಲದ ರಾತ್ರಿ ಒಬ್ಬರೇ ಕೂತದ್ದು ಅವರದೇ ತೀರ್ಮಾನ ಅಲ್ವಾ? "ನಿಮ್ಮ ತಪ್ಪೇ ಇಲ್ಲ ಬಿಡಿ" ಅಂತ ಸುಮ್ನೆ ಹೇಳಿದರೆ ಯಾರೂ ನಂಬೋದಿಲ್ಲ.

ದೊಡ್ಡ ಡಿಸ್ಟ್ರೋದವರು ಇದನ್ನು ಹೇಗೆ ಮಾಡ್ತಾರೆ ಅಂತ ಕೇಳಿದೆ. ಆರ್ಚ್ ಲಿನಕ್ಸ್‌ನವರು 2023ರ ಮೇನಲ್ಲಿ ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಹಳೆ ವ್ಯವಸ್ಥೆ ಎಸ್‌ವಿಎನ್ ಬಿಟ್ಟು ಅದೇ ಕೆಲಸದ ಗಿಟ್‌ಗೆ ಹೋದಾಗ, ಮೊದಲೇ ತಿಳಿಸಿ, 19ರಿಂದ 21ರವರೆಗೆ ಪ್ಯಾಕೇಜಿಂಗ್ ನಿಲ್ಲಿಸಿದ್ದರಂತೆ. ಕಮ್ಯುನಿಟಿ ಅನ್ನೋ ಒಂದು ಗೋಡೌನನ್ನು ಎಕ್ಸ್‌ಟ್ರಾ ಅನ್ನೋ ಇನ್ನೊಂದಕ್ಕೆ ಸೇರಿಸಿದ್ದೂ ಆಗಲೇ. ಹೇಳ್ತಾ ಹೇಳ್ತಾ ಅವರೇ ನಕ್ಕರು. "ಅಷ್ಟು ಜನ ಇದ್ದೂ ಮೂರು ದಿನ ಬಾಗಿಲು ಹಾಕಿದ್ರು. ನಾನು ಒಂದು ರಾತ್ರೀಲಿ ಮುಗಿಸೋಕೆ ಹೋದೆ."

ನಾನು ಕೊಟ್ಟ ಸಲಹೆಯಲ್ಲಿ ಅರ್ಧ ನಿದ್ದೆಯ ಬಗ್ಗೆ. ಮಧ್ಯಾಹ್ನ ಎರಡರ ಮೇಲೆ ಬೆಲ್ಲದ ಕಾಫಿ ಬೇಡ (ತೋಟದ ಮನೆಯವರಿಗೆ ಇದನ್ನು ಹೇಳೋದು ಎಷ್ಟು ಕಷ್ಟ ಗೊತ್ತಾ). 20 ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಹಾಲ್‌ನಲ್ಲಿ ಕೂರಿ, ಲ್ಯಾಪ್‌ಟಾಪ್ ಮಾತ್ರ ತೆರೆಯಬೇಡಿ. ನೋಡಿದಾಗ ಭಯ ಇಳಿಯುತ್ತದೆ ನಿಜ, ಆದರೆ ನೋಡಿದ್ದಕ್ಕೇ ಎಲ್ಲ ಸರಿ ಇದೆ ಅಂತ ಮನಸ್ಸು ಕಲಿತು ನಾಳೆ ಮತ್ತೆ ಎಬ್ಬಿಸುತ್ತದೆ. ಸಂಜೆ ಆರಕ್ಕೆ ಒಂದು ಸಲ ನೋಡಿ, ಸಾಕು. ಡಾಕ್ಟರ ಹತ್ತಿರ ಥೈರಾಯ್ಡ್ ಪರೀಕ್ಷೆಯೂ ಆಗಲಿ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಉಳಿದರ್ಧ ಕೆಲಸದ್ದು: ಬೀಗ ತೆಗೆಯುವ ಕ್ರಮ ಒಂದು ಪುಟದಲ್ಲಿ ಬರೆದು ಇನ್ನಿಬ್ಬರಿಗೆ ಕೊಡಿ. ಇಲ್ಲಿ ತಡೆದರು. "ಅವರಿಗೆ ಯಾಕೆ ಮೇಡಂ ತೊಂದರೆ?" ಗಂಟು ಇದ್ದದ್ದು ಇಲ್ಲೇ. ಅಪ್ಪ ತೀರಿಕೊಂಡ ಮೇಲೆ ತೋಟದ ಲೆಕ್ಕ, ಅವ್ವನ ಔಷಧಿ, ಬ್ಯಾಂಕ್ ಸಾಲ, ಎಲ್ಲ ಒಬ್ಬರೇ ಹೊತ್ತವರು, ಸಹಾಯ ಕೇಳಿ ಅಭ್ಯಾಸವೇ ಇಲ್ಲ. ಒಂದಿಡೀ ಭೇಟಿ ಇದಕ್ಕೇ ಹೋಯ್ತು.

ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಹೊಸ ಸ್ಕ್ರಿಪ್ಟ್ ಕೂರಿಸುವ ಕೆಲಸದ ಉಳಿದ ಭಾಗ ಕೈಗೆತ್ತಿಕೊಂಡರು. ಶನಿವಾರ ಬೆಳಿಗ್ಗೆ ಹತ್ತಕ್ಕೆ, ನಾಲ್ಕು ಜನ ಕೂತು, ಲೈನ್ ಕಡಿದರೂ ಸರ್ವರ್‌ನಲ್ಲಿ ಕೆಲಸ ನಿಲ್ಲದ ಹಾಗೆ ಟಿಮಕ್ಸ್ ಅನ್ನೋ ಪ್ರೋಗ್ರಾಂ ಒಳಗೆ. ಹನ್ನೊಂದಕ್ಕೆ ಕರೆಂಟ್ ಹೋಯ್ತು. ಮೈಸೂರಿನ ಗೆಳೆಯ ಮುಗಿಸಿದರು. ಇವರು ಅವ್ವನ ಜೊತೆ ಜಗಲಿಯಲ್ಲಿ ಕೂತು ಕಾಫಿ ಕುಡಿದರಂತೆ. ಬೆಳಿಗ್ಗೆ ತಾನೇ, ನನ್ನ ತಕರಾರಿಲ್ಲ.