ಹುತ್ತರಿಯ ಚಿತ್ರಗಳನ್ನು ಹೊರದೇಶದ ಪತ್ರಿಕೆಗಳಿಗೆ ಕಳುಹಿಸುವ ಮುನ್ನ ಏನೇನು ಗಮನಿಸಬೇಕು?

ಈ ಬಾರಿ ಸುಗ್ಗಿಯ ಹಬ್ಬವಾದ ಹುತ್ತರಿಗೆ ಕೊಡಗಿಗೆ ಬಂದು, ಇಲ್ಲಿ ತೆಗೆದ ಚಿತ್ರಗಳನ್ನು ಹೊರದೇಶದ ಪತ್ರಿಕೆಗಳಿಗೂ ಸ್ಪರ್ಧೆಗಳಿಗೂ ಕಳುಹಿಸಬೇಕೆಂದಿರುವ ನೀವು, ಯಾವ ಲೆನ್ಸ್ ತರಬೇಕು, ಅನುಮತಿಯನ್ನು ಯಾರಲ್ಲಿ ಕೇಳಬೇಕು ಎಂದು ವಿಚಾರಿಸಿದ್ದೀರಿ. ಮಡಿಕೇರಿಯಲ್ಲಿ ಸ್ಟುಡಿಯೊ ನಡೆಸುತ್ತ ಇಲ್ಲಿಯ ಮದುವೆ, ಹಬ್ಬಗಳ ಚಿತ್ರ ತೆಗೆಯುತ್ತ ಬಂದಿರುವ ನಾನು ನೀವು ಕೇಳದೇ ಇರುವ ಅಡಿಬರಹದ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲಿ.

ಕೊಡವರ ಮದುವೆಯೊಂದರಲ್ಲಿ ಬಾಳೆಬಿರುದು ನಡೆಯುವಾಗ, ಅಂದರೆ ನೆಟ್ಟ ಬಾಳೆಯ ದಿಂಡನ್ನು ಕತ್ತಿಯಿಂದ ಕಡಿಯುವ ಗೌರವವನ್ನು ಹಿರಿಯರೊಬ್ಬರು ನೆರವೇರಿಸುವಾಗ, ಒಳ್ಳೆಯ ಚಿತ್ರವೊಂದು ಸಿಕ್ಕಿತು. ಹೊರದೇಶದ ಜಾಲಪತ್ರಿಕೆಯೊಂದಕ್ಕೆ ಅದನ್ನು ಕಳುಹಿಸುವಾಗ ಅವಸರದಲ್ಲಿ 'ಕೊಡವ ಪುರುಷ, ಕತ್ತಿ' ಎಂದಷ್ಟೇ ಬರೆದೆ. ಅವರು ಅದನ್ನು ಯುದ್ಧಾಭ್ಯಾಸ ಮಾಡುತ್ತಿರುವ ಯೋಧನೆಂದು ಪ್ರಕಟಿಸಿದರು. ಆ ಹಿರಿಯರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅವರ ಮೊಮ್ಮಗಳು ನನಗೆ ಫೋನ್ ಮಾಡಿ, "ನಮ್ಮ ಅಜ್ಜ ಯಾವ ಯುದ್ಧಕ್ಕೆ ಹೊರಟಿದ್ದರು, ಅಣ್ಣಾ?" ಎಂದು ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಪತ್ರಿಕೆಯವರನ್ನು ದೂರಿ ಪ್ರಯೋಜನವಿಲ್ಲ. ನಾನು ಖಾಲಿ ಬಿಟ್ಟ ಜಾಗವನ್ನು ಅವರು ತಮಗೆ ತೋಚಿದಂತೆ ತುಂಬಿದ್ದರು, ಅಷ್ಟೆ. ಅಂದಿನಿಂದ ನಾನು ಯಾರು, ಎಲ್ಲಿ, ಯಾವ ಆಚರಣೆಯ ಯಾವ ಹಂತ ಎಂಬುದನ್ನು ಆ ಮನೆಯವರ ಎದುರಿಗೇ ಬರೆದು, ಓದಿ ಹೇಳಿ, ಚಿತ್ರದ ಕಡತದೊಳಗಿನ ಮಾಹಿತಿಯಲ್ಲಿಯೇ ಸೇರಿಸುತ್ತೇನೆ. ಪ್ರತ್ಯೇಕ ಹಾಳೆಯಲ್ಲಿ ಬರೆದದ್ದು ಚಿತ್ರದಿಂದ ಬೇರ್ಪಟ್ಟು ಹೋಗುತ್ತದೆ. ಕನ್ನಡದಲ್ಲಿ ನಾವು ಹುತ್ತರಿ ಎನ್ನುವುದನ್ನು ಕೊಡವರು ಪುತ್ತರಿ ಎನ್ನುತ್ತಾರೆ; ಆ ಮನೆಯವರು ಹೇಳುವ ರೂಪವನ್ನೇ ಉಳಿಸಿಕೊಳ್ಳಿ.

ಇನ್ನು ಹುತ್ತರಿಯ ರಾತ್ರಿ. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ನಡುವಿನ ಕೋಣೆಯಲ್ಲಿ, ತೂಗುದೀಪದ ಕೆಳಗೆ ಒಕ್ಕದವರೆಲ್ಲ (ಒಂದೇ ಮನೆತನದವರೆಲ್ಲ) ಸೇರಿ ನೆರೆ ಕಟ್ಟುವ, ಅಂದರೆ ಹೊಸ ಕದಿರಿನೊಂದಿಗೆ ಕಟ್ಟುವ, ಎಲೆಗಳನ್ನು ಅಣಿಮಾಡುವುದರಿಂದ ಹಿಡಿದು, ದೀಪ ಹಿಡಿದು ಗದ್ದೆಗೆ ನಡೆಯುವುದು, ಕೋವಿಯ ಗುಂಡು ಹಾರಿಸುವುದು, 'ಪೊಲಿ ಪೊಲಿ ದೇವಾ' ಎನ್ನುತ್ತ ಕದಿರು ಕೊಯ್ಯುವುದು, ಅದನ್ನು ಮನೆಗೆ ತಂದು ಕಟ್ಟುವುದು, ಇವೆಲ್ಲವೂ ಮುಹೂರ್ತಕ್ಕೆ ಬದ್ಧವಾಗಿ ಒಂದರ ಹಿಂದೊಂದು ನಡೆದುಹೋಗುತ್ತವೆ. "ಇನ್ನೊಮ್ಮೆ ಕೊಯ್ಯಿರಿ, ಸರಿಯಾಗಿ ಬರಲಿಲ್ಲ" ಎಂದು ಯಜಮಾನರಿಗೆ ಹೇಳಿದ ಛಾಯಾಗ್ರಾಹಕನೊಬ್ಬನನ್ನು ನಾನು ಕಣ್ಣಾರೆ ಕಂಡಿದ್ದೇನೆ; ಅವನಿಗೆ ಊಟ ಸಿಕ್ಕಿತು, ಮರುವರ್ಷದ ಕರೆಯೋಲೆ ಸಿಗಲಿಲ್ಲ. ಫ್ಲಾಶ್ ಬೇಡವೇ ಬೇಡ, ಏಕೆಂದರೆ ಅದು ಬೆಳಗಿದೊಡನೆ ತಟ್ಟೆಯಲ್ಲಿರುವ ದೀಪ ಚಿತ್ರದಲ್ಲಿ ಸತ್ತುಹೋಗುತ್ತದೆ. 35 ಮಿ.ಮೀ., ಎಫ್ 1.8 ಲೆನ್ಸ್, ಐಎಸ್‌ಒ 3200ರಿಂದ 6400, ಇಷ್ಟಿದ್ದರೆ ಸಾಕು.

ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟ, ಹೆಂಗಸರ ಕುಣಿತವಾದ ಉಮ್ಮತ್ತಾಟ್ ನಡೆಯುವಾಗ ಎಲ್ಲರೂ ಮುಖಗಳ ಮುಂದೆಯೇ ಮುತ್ತಿಕೊಳ್ಳುತ್ತಾರೆ. ಆದರೆ ಕೊಡಗಿನ ಉಡುಗೆಯ ವಿಶೇಷ ಅರ್ಧದಷ್ಟು ಬೆನ್ನ ಹಿಂದೆ ಇರುತ್ತದೆ: ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ, ಗಂಡಸರ ಚಿಕ್ಕ ಕಠಾರಿಯಾದ ಪೀಚೆಕತ್ತಿ ಸೊಂಟದ ಮುಂಭಾಗದ ಚೇಲೆಯಲ್ಲಿ (ನಡುಪಟ್ಟಿಯಲ್ಲಿ) ಇದ್ದರೆ, ಅಗಲ ಅಲಗಿನ ಒಡಿಕತ್ತಿ ಹಿಂದೆ, ಹಿತ್ತಾಳೆಯ ಕೊಂಡಿಯಾದ ತೊಡಂಗ್‌ನಲ್ಲಿ ಸಿಕ್ಕಿಸಿರುತ್ತದೆ. ಗಂಡಸರ ನಿಲುವಂಗಿಯಾದ ಕುಪ್ಯ ಕಪ್ಪೋ ಬಿಳಿಯೋ ಎಂಬುದನ್ನೂ ಬರೆದುಕೊಳ್ಳಿ, ಮದುವೆಯಲ್ಲಿ ಬಿಳಿ ಕುಪ್ಯ ತೊಡುವವನು ವರ.

ಅನುಮತಿಯನ್ನು ಐನ್‌ಮನೆಯಲ್ಲಾದರೆ ಒಕ್ಕದ ಹಿರಿಯರಲ್ಲಿ, ಮಂದ್‌ನಲ್ಲಾದರೆ ಊರಿನ ಮುಖ್ಯಸ್ಥರಾದ ತಕ್ಕರಲ್ಲಿ ಕೇಳಿ. ಯುನೆಸ್ಕೊದ ಸಮಿತಿಯೊಂದು 2015ರಲ್ಲಿ ಅಂಗೀಕರಿಸಿದ ನೈತಿಕ ತತ್ತ್ವಗಳಲ್ಲಿಯೂ ಸಮುದಾಯದವರು ಮುಂಚಿತವಾಗಿ, ವಿಷಯ ತಿಳಿದು, ಸ್ವಇಚ್ಛೆಯಿಂದ ಕೊಡುವ ಒಪ್ಪಿಗೆಯ ಮಾತಿದೆ. ವಿಷಯ ತಿಳಿಸುವುದೆಂದರೆ ಚಿತ್ರ ಎಲ್ಲಿಗೆ ಹೋಗುತ್ತದೆಂಬುದನ್ನೂ ಹೇಳುವುದು. ಉದಾಹರಣೆಗೆ ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್‌ಗೆ ಚಿತ್ರ ಸೇರಿಸುವುದಾದರೆ, ಅಲ್ಲಿಯ ಮುಕ್ತ ಪರವಾನಗಿ ವಾಣಿಜ್ಯ ಬಳಕೆಗೂ ಅವಕಾಶ ಕೊಡುತ್ತದೆ ಮತ್ತು ಒಮ್ಮೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯಲಾಗದು. ನಾಳೆ ಯಾವುದಾದರೂ ರೆಸಾರ್ಟಿನ ಜಾಹೀರಾತಿನಲ್ಲಿ ತಮ್ಮ ಅಜ್ಜಿಯ ಮುಖ ಕಂಡರೆ ಅವರು ಒಪ್ಪುವರೇ ಎಂದು ಮೊದಲೇ ಕೇಳಬೇಕಾಗುತ್ತದೆ.

ಮುಂದೆಂದಾದರೂ ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಬರುವ ಯೋಚನೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ಜೇನುಕುರುಬ, ಯರವ ಮೊದಲಾದ ಆದಿವಾಸಿಗಳು ವೇಷ ತೊಟ್ಟು, ದೇವರನ್ನೇ ಬೈಯುತ್ತ ಕುಣಿಯುವ ಆ ಹಬ್ಬಕ್ಕೆ ತನ್ನದೇ ಕಥೆಯಿದೆ: ಬೇಟೆಗೆ ತಮ್ಮನ್ನು ಕರೆದೊಯ್ದ ಅಯ್ಯಪ್ಪ ಭದ್ರಕಾಳಿಗೆ ಮನಸೋತು, ತಮ್ಮನ್ನು ಕಾಡಿನಲ್ಲಿ ಬಿಟ್ಟುಹೋದನೆಂಬ ಸಿಟ್ಟು. ಈ ಕಥೆಯಿಲ್ಲದೆ, ಸೀರೆ ಉಟ್ಟ ಗಂಡಸಿನ ಬಣ್ಣ ಬಳಿದ ಮುಖವೊಂದೇ ಹೊರದೇಶಕ್ಕೆ ಹೋದರೆ ಅದು ನಗೆಪಾಟಲಾಗುತ್ತದೆ. ಆ ಮುಖದವನು ಮರುದಿನ ಕಾಫಿ ತೋಟದ ಕೆಲಸಕ್ಕೆ ಹೋಗಬೇಕಾದವನು. ಅಂಥ ಚಿತ್ರಗಳು ನನ್ನಲ್ಲಿಯೂ ಕೆಲವಿವೆ, ಕಳುಹಿಸಿಲ್ಲ.

ಹುತ್ತರಿಯ ಮುಹೂರ್ತವನ್ನು ಕಕ್ಕಬ್ಬೆಯ ಬಳಿಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯಿಸುತ್ತಾರೆ. ಅದು ಪ್ರಕಟವಾದ ಮೇಲೆ ನೀವು ಹೋಗಬೇಕಾದ ಮನೆಗೆ ಫೋನ್ ಮಾಡಿ, ಹಗಲಿನಲ್ಲಿಯೇ ಒಮ್ಮೆ ಹೋಗಿ ಗದ್ದೆಯ ದಾರಿಯನ್ನು ನಡೆದು ನೋಡಿಕೊಂಡು ಬನ್ನಿ. ರಾತ್ರಿ ಬದುವಿನ ಮೇಲೆ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ನಡೆದು ಕೆಸರಿಗೆ ಬಿದ್ದವರಲ್ಲಿ ನಾನೂ ಒಬ್ಬ.